ಎರಡು ನಿಮಿಷದ ದಾವೆ

ಸರ್ಕಾರಿ ಶಾಲೆಯಲ್ಲಿ ಮೂವತ್ತು ವರ್ಷ ಗಂಟೆ ಬಾರಿಸಿದವಳನ್ನು ಎಲ್ಲರೂ ಗಂಟೆಯಮ್ಮ ಎಂದೇ ಕರೆಯುತ್ತಿದ್ದರು. ಪರೀಕ್ಷೆಯ ದಿನ ಎರಡು ನಿಮಿಷ ಮೊದಲೇ ಗಂಟೆಯಾಯಿತು, ಮಗಳ ಕೊನೆಯ ಲೆಕ್ಕ ಉಳಿದುಹೋಯಿತು ಎಂದು ಒಬ್ಬ ತಂದೆ ಶಾಲೆಯ ಮೇಲೆ ದಾವೆ ಹೂಡಿದ. ಶಾಲೆಯ ವಕೀಲರು ವರ್ಷವಿಡೀ ಅಲ್ಲಗಳೆದರು; ಅದು ಅವರ ಕಸುಬು. ಸೋರುವ ಎರಡು ಕೋಣೆಗಳ ಚಾವಣಿಗೆಂದು ಇಟ್ಟಿದ್ದ ಹಣದಲ್ಲಿ ಅರ್ಧ ಅವರ ಶುಲ್ಕಕ್ಕೇ ಹೋಯಿತು, ಉಳಿದರ್ಧವೂ ಹೋಗುವುದರಲ್ಲಿತ್ತು. ಆಗ ನ್ಯಾಯಾಧೀಶರು ಗಂಟೆಯಮ್ಮನನ್ನೇ ಕರೆಸಿದರು.

"ಮೊದಲೇ ಬಾರಿಸಿದ್ರಾ?"

"ಹೂಂ ಸ್ವಾಮಿ. ಗಡಿಯಾರ ನಿಂತಿತ್ತು, ಅಂದಾಜಿನ ಮೇಲೆ ಬಾರಿಸ್ದೆ."

ವಕೀಲರ ಕೈಯಿಂದ ಕಡತ ಜಾರಿತು.

"ಇಷ್ಟು ದಿನ ಯಾಕಮ್ಮ ಹೇಳ್ಲಿಲ್ಲ?" ನ್ಯಾಯಾಧೀಶರು ಕೇಳಿದರು.

"ಯಾರು ಕೇಳಿದ್ರು? ಎರಡು ನಿಮಿಷ ತಾನೆ, ಆ ಮಗೂಗೆ ವಾಪಸ್ ಕೊಟ್ಬಿಡಿ. ಈ ವಕೀಲರಿಗೆ ಒಂದು ವರ್ಷಾನೇ ಕೊಟ್ಟಿಲ್ವಾ?"

ಕೋರ್ಟು ಘೊಳ್ಳೆಂದಿತು. ತಂದೆಯೂ ನಗು ತಡೆಯಲಾರದೆ, ಮಗಳಿಗೆ ಆ ಎರಡು ನಿಮಿಷ ಸಿಕ್ಕರೆ ಸಾಕೆಂದು ದಾವೆ ಹಿಂಪಡೆದ. ಒಂದು ಕೋಣೆಯ ಚಾವಣಿಯ ಹಣವಾದರೂ ಉಳಿಯಿತು.

ಮರುದಿನ ಹುಡುಗಿ ಹೆಡ್‌ಮಾಸ್ತರರ ಮೇಜಿನ ಮುಂದೆ ಲೆಕ್ಕಕ್ಕೆ ಕೂತಳು. ಗಂಟೆಯಮ್ಮ ಎರಡೆರಡು ಗಡಿಯಾರ ಹಿಡಿದು ನಿಂತಳು. ಒಂದೇ ನಿಮಿಷಕ್ಕೆ ಹುಡುಗಿ ಪೆನ್ನಿಟ್ಟಳು.

"ಮುಗೀತು, ಬಾರಿಸಜ್ಜಿ!"

"ಸುಮ್ನೆ ಕೂತ್ಕೋ ತಾಯಿ, ಇನ್ನೂ ಒಂದು ನಿಮಿಷ ಇದೆ. ನನ್ನನ್ನ ಮತ್ತೆ ಕೋರ್ಟಿಗೆ ಎಳೀಬೇಡ!"