ಟ್ಯಾಂಕಿನೊಳಗೆ ನನ್ನ ಬೆಲ್ಟ್ ಹಿಡಿದ ಕೈ

ಇದನ್ನು ಇದುವರೆಗೆ ಮನೆಯಲ್ಲೂ ಹೇಳಿಲ್ಲ. ಕಟ್ಟುಕಥೆಯಾಗಿದ್ದರೆ ನನ್ನನ್ನೇ ಇಷ್ಟು ಸಣ್ಣವನನ್ನಾಗಿ ಮಾಡಿಕೊಂಡು ಹೇಳುತ್ತಿರಲಿಲ್ಲ.

ನಾನು ಅಗ್ನಿಶಾಮಕ ದಳದವನು. ಮಳೆಗಾಲದ ಒಂದು ಸಂಜೆ ಜಾಲ್ಸೂರಿನ ಒಳಗಿನ ರಬ್ಬರ್ ಫ್ಯಾಕ್ಟರಿಯಿಂದ ಕರೆ ಬಂತು. ಕೊಳಕು ನೀರಿನ ಟ್ಯಾಂಕ್ ತೊಳೆಯಲು ಇಳಿದ ಕೆಲಸದಾಳು ಚಂದ್ರ ವಿಷಗಾಳಿಗೆ ಬಿದ್ದಿದ್ದ. ಅವನನ್ನು ಎತ್ತಲು ಇಳಿದ ಜೊತೆಯ ಕೆಲಸಗಾರ ಲತೀಫನೂ ಮೇಲೆ ಬಂದಿರಲಿಲ್ಲ.

ನಾವು ತಲುಪುವಾಗ ಕತ್ತಲಾಗಿತ್ತು. ಹುಳಿತ ರಬ್ಬರ್ ಹಾಲಿನ ವಾಸನೆ ಗೇಟಿನವರೆಗೂ ಹೊಡೆಯುತ್ತಿತ್ತು. ಬೆನ್ನಿಗೆ ಗಾಳಿಯ ಸಿಲಿಂಡರ್, ಮುಖಕ್ಕೆ ಮಾಸ್ಕ್ ಹಾಕಿ ನಾನು ಇಳಿದೆ. ಏಣಿಯ ಬುಡದಲ್ಲೇ ಸಿಕ್ಕಿದ ಚಂದ್ರನನ್ನು ಹಗ್ಗ ಕಟ್ಟಿ ಮೇಲೆ ಕಳಿಸಿದೆ.

ಲತೀಫ್ ಮೂಲೆಯಲ್ಲಿದ್ದ. ಮೈಯೆಲ್ಲ ಕೆಸರಿನಲ್ಲಿ ಮುಳುಗಿದ್ದರೂ ಮುಖ ಮಾತ್ರ ಮೇಲಿತ್ತು... ಯಾರೋ ಅಂಗೈಯಲ್ಲಿ ಎತ್ತಿ ಹಿಡಿದ ಹಾಗೆ. ಹಗ್ಗ ಕಟ್ಟಿದೆ. ಅವನು ಮೇಲಕ್ಕೆ ಹೋದ.

ಆಗ ಹಿಂದಿನಿಂದ ಒಂದು ಕೈ ನನ್ನ ಬೆಲ್ಟ್ ಹಿಡಿಯಿತು.

ಎಳೆಯಲಿಲ್ಲ. ಸಂತೆಯ ಗದ್ದಲದಲ್ಲಿ ಮಗು ಹಿಡಿದುಕೊಳ್ಳುತ್ತದಲ್ಲ, ಹಾಗೆ... ಸುಮ್ಮನೆ ಹಿಡಿದುಕೊಂಡಿತು. ಅಷ್ಟರಲ್ಲಿ ಗಾಳಿ ಮುಗಿಯುತ್ತ ಬಂತೆಂದು ಸಿಲಿಂಡರಿನ ಸೀಟಿ ಕೂಗತೊಡಗಿತು. ನಾನು ತಿರುಗಿ ನೋಡಲಿಲ್ಲ. ಹಿಂದಕ್ಕೆ ಒದ್ದೆ. ಮೆತ್ತಗಿನದೇನೋ ಕಾಲಿಗೆ ತಾಗಿತು, ಹಿಡಿತ ಬಿಟ್ಟಿತು. ಏಣಿ ಹತ್ತಿಬಿಟ್ಟೆ.

ಮೇಲೆ ನಮ್ಮ ಆಫೀಸರ್ ಇನ್ನೊಬ್ಬನಿಗೆ ಮಾಸ್ಕ್ ಹಾಕಿಸಿ ಸಿದ್ಧವಾಗಿ ನಿಲ್ಲಿಸಿದ್ದರು.

"ಕೆಳಗೆ ಇನ್ನು ಯಾರಾದ್ರೂ ಇದ್ದಾರಾ ಮಾರಾಯ?"

"ಇಲ್ಲ ಸರ್. ಯಾರೂ ಇಲ್ಲ."

ಒಂದು ಕೈ ತಾಗಿತು ಎಂದಿದ್ದರೆ ಸಾಕಿತ್ತು, ಮಾಸ್ಕ್ ಹಾಕಿ ನಿಂತಿದ್ದವನು ಇಳಿಯುತ್ತಿದ್ದ. ಹೇಳಲಿಲ್ಲ. ಹೆದರಿದವನೆಂದು ನಗುತ್ತಾರೇನೋ ಎಂದು ಬಾಯಿ ಬರಲಿಲ್ಲ.

ಫ್ಯಾಕ್ಟರಿಯವರು ಹೆಸರು ಕರೆದು ನೋಡಿದರು, ಎಲ್ಲರೂ ಇದ್ದರು. ಮರುದಿನ ಟ್ಯಾಂಕ್ ಖಾಲಿ ಮಾಡಿದಾಗಲೂ ಕೆಸರಲ್ಲದೆ ಏನೂ ಸಿಗಲಿಲ್ಲವಂತೆ. ನನ್ನ ಮಾತು ನಿಜವೇ ಆಯಿತು. ಆದರೆ ಹೇಳುವಾಗ ಅದು ನನಗೆ ಗೊತ್ತಿರಲಿಲ್ಲವಲ್ಲ?

ಚಂದ್ರ ಬೇಗ ಚೇತರಿಸಿಕೊಂಡ. ಲತೀಫನಿಗೆ ಮಾತು ಬಂದಾಗ ಪುತ್ತೂರಿನ ಆಸ್ಪತ್ರೆಗೆ ಹೋದೆ. ಅವನ ಉಮ್ಮ ನನ್ನ ಎರಡೂ ಕೈ ಹಿಡಿದುಕೊಂಡು, ನನ್ನ ಮಗನಿಗೆ ನೀವು ದೇವರ ಹಾಗೆ ಬಂದಿರಿ ಎಂದು ಅತ್ತರು. ನನಗೆ ತಲೆ ಎತ್ತಲಾಗಲಿಲ್ಲ.

ಅವರು ಫ್ಲಾಸ್ಕ್ ಹಿಡಿದು ಚಹಾ ತರಲು ಹೋದ ಮೇಲೆ ಲತೀಫ್ ಮೆಲ್ಲಗೆ ಕರೆದ.

"ಅಣ್ಣ, ಕೆಳಗೆ ನನ್ನ ತಲೆ ಎತ್ತಿ ಹಿಡಿದುಕೊಂಡೇ ಇದ್ರಲ್ಲ ಒಬ್ಬರು... ಚಂದ್ರ ಅಲ್ಲ, ಬೇರೆ. ಅವರನ್ನೂ ಮೇಲೆ ತಂದ್ರಾ?"

ಅವನ ಕಣ್ಣು ನನ್ನ ಮುಖದ ಮೇಲೇ ಇತ್ತು.

"ತಂದೆವು" ಎಂದೆ.

ಅವನು ನೆಮ್ಮದಿಯಿಂದ ಕಣ್ಣು ಮುಚ್ಚಿದ. ಉಮ್ಮ ಬರುವ ಮೊದಲೇ ನಾನು ಹಿಂದಿನ ಮೆಟ್ಟಿಲಿಳಿದು ಹೊರಟುಬಿಟ್ಟೆ.