ಕಾಟಾದಕ್ಕ ಬರೆದ ಪರೀಕ್ಷೆ

ಆಂಧ್ರದ ಗಡಿಯೊಳಗಿನ ಆದೋನಿಯ ಒಂದು ಹತ್ತಿ ಮಿಲ್ಲಿನ ಆಫೀಸಿನಲ್ಲಿ ನಾನು ಹದಿನೇಳು ವರ್ಷದಿಂದ ಕಂಪ್ಯೂಟರ್ ಮುಂದೆ ಕೂತಿದ್ದೇನೆ. ಅಷ್ಟು ವರ್ಷದಲ್ಲಿ ನಮ್ಮಲ್ಲಿಗೆ ಕಳ್ಳ ಬಂದದ್ದು ಒಂದೇ ಸಲ. ಅವನೂ ಕಂಪ್ಯೂಟರಿನ ಕಡೆ ತಿರುಗಿಯೂ ನೋಡದೆ ಫ್ಯಾನು ಬಿಚ್ಚಿಕೊಂಡು ಹೋದ. ಹೀಗಿರುವಾಗ ನಾವು ಒತ್ತಿ ಕಟ್ಟಿದ ಹತ್ತಿ ಅಂಡಿಗೆಗಳನ್ನು ಕೊಳ್ಳುವ ದೊಡ್ಡ ಕಂಪನಿಯವರು, ಮಿಲ್ಲಿನಲ್ಲಿ ಕಂಪ್ಯೂಟರ್ ಮುಟ್ಟುವ ಪ್ರತಿಯೊಬ್ಬರೂ ಮಾಹಿತಿ ಸುರಕ್ಷತೆಯ ಪರೀಕ್ಷೆ ಪಾಸು ಮಾಡಲೇಬೇಕು ಅಂತ ಕಾಗದ ಕಳಿಸಿದಾಗ ಎಲ್ಲರೂ ನಕ್ಕೆವು. ಪಾಸಾಗದವರು ಇನ್ನು ಮುಂದೆ ಕಂಪ್ಯೂಟರ್ ಮುಟ್ಟುವಂತಿಲ್ಲ ಅನ್ನುವ ಕೊನೇ ಸಾಲು ಓದಿದ ಮೇಲೆ ನಗು ನಿಂತಿತು.

ಮುಟ್ಟುವವರು ನಾವು ಆರು ಜನ. ಮ್ಯಾನೇಜರು, ವಯಸ್ಸಾದ ಗುಮಾಸ್ತರು, ಅಂಡಿಗೆ ಕಳಿಸುವ ಇಬ್ಬರು ಹುಡುಗರು, ನಾನು, ಮತ್ತೆ ಕಾಟಾದಕ್ಕ. ಗೇಟಿನ ಒಳಗೇ ಹತ್ತಿ ತುಂಬಿದ ಟ್ರ್ಯಾಕ್ಟರುಗಳನ್ನು ನಿಲ್ಲಿಸಿ ತೂಗುವ ಕಾಟಾ ಇದೆ. ಅದರ ಪಕ್ಕದ ಸಣ್ಣ ಕೋಣೆಯಲ್ಲಿ ಕೂತು, ತೂಕ ನೋಡಿ, ಕಂಪ್ಯೂಟರಿನಲ್ಲಿ ಒತ್ತಿ, ಚೀಟಿ ಹರಿದು ಕೊಡುವ ಹೆಂಗಸು ಆಕಿ. ಐವತ್ತರ ಹತ್ತಿರ ವಯಸ್ಸು. ಹೆಸರು ಹಿಡಿದು ಕರೆದವರನ್ನು ನಾನು ಕಂಡಿಲ್ಲ, ಮಾಲೀಕರೂ ಆಕಿಯನ್ನು ಕಾಟಾದಕ್ಕ ಅಂತಲೇ ಅನ್ನುತ್ತಾರೆ.

ಆಕಿ ಆ ಕೋಣೆಗೆ ಬರುವ ಮುಂಚೆ ಹದಿನಾಲ್ಕು ವರ್ಷ ಒಳಗೆ ಜಿನ್ನಿನ ಮನೆಯಲ್ಲಿ ಇದ್ದಳು. ಬೀಜ ಬಿಡಿಸುವ ಯಂತ್ರಕ್ಕೆ ಹತ್ತಿ ಉಣಿಸುವ ಕೆಲಸ. ಅಲ್ಲಿ ಗಾಳಿಯೆಲ್ಲ ನವಿರಾದ ಎಳೆ, ಮೂಗಿಗೆ ಎಷ್ಟು ಬಟ್ಟೆ ಕಟ್ಟಿದರೂ ಅದು ಎದೆಗೆ ಇಳಿದೇ ಇಳಿಯುತ್ತದೆ. ಆಕಿಗೆ ಉಬ್ಬಸ ಹತ್ತಿ, ಎರಡು ಸಲ ಆಸ್ಪತ್ರೆಗೆ ಹೋಗಿ ಬಂದು, ಇನ್ನೊಂದು ಹಂಗಾಮು ಒಳಗೆ ನಿಂತರೆ ನನ್ನ ಹತ್ತಿರ ಬರಬೇಡ ಅಂತ ಡಾಕ್ಟರು ಹೇಳಿದ ಮೇಲೆ ಮಾಲೀಕರು ಕಾಟಾದ ಕೋಣೆಗೆ ಹಾಕಿದರು. ಪರೀಕ್ಷೆ ಪಾಸಾಗದಿದ್ದರೆ ಆಕಿ ಹೋಗಬೇಕಾದ್ದು ಅದೇ ಜಿನ್ನಿನ ಮನೆಗೆ. ಇದು ನಮಗೆಲ್ಲ ಗೊತ್ತಿತ್ತು, ಯಾರೂ ಬಾಯಿ ಬಿಟ್ಟು ಹೇಳಲಿಲ್ಲ.

ಪರೀಕ್ಷೆ ದೊಡ್ಡದೇನಲ್ಲ. ಇಪ್ಪತ್ತು ಪ್ರಶ್ನೆ, ಅರ್ಧ ಗಂಟೆ, ನಾಲ್ಕರಲ್ಲಿ ಒಂದು ಉತ್ತರ ಒತ್ತುವುದು. ಹದಿನಾಲ್ಕು ಬಂದರೆ ಪಾಸು. ನಪಾಸಾದರೆ ಹದಿನೈದು ದಿನ ಬಿಟ್ಟು ಇನ್ನೊಂದೇ ಅವಕಾಶ. ಇಂಗ್ಲಿಷು, ಹಿಂದಿ, ತೆಲುಗು, ಯಾವುದರಲ್ಲಾದರೂ ಬರೆಯಬಹುದು. ಕನ್ನಡ ಇರಲಿಲ್ಲ. ಈ ಮಿಲ್ಲಿನಲ್ಲಿ ನಾವು ಜಗಳ ಆಡುವುದು ಕನ್ನಡದಲ್ಲಿ ಅಂತ ಅವರಿಗೇನು ಗೊತ್ತು ಪಾಪ. ನಾನು ಆಸ್ಪರಿ ಕಡೆಯವಳು, ಹೈಸ್ಕೂಲಿನಿಂದ ತೆಲುಗಿನಲ್ಲೇ ಓದಿದ್ದೇನೆ. ಕಾಟಾದಕ್ಕ ಮಾಧವರಂನ ಹತ್ತಿರದ ಒಂದು ಊರಿನವಳು, ಕನ್ನಡ ಶಾಲೆಯಲ್ಲಿ ಏಳನೇ ಇಯತ್ತೆ. ತೆಲುಗು ಮಾತು ನೀರು ಕುಡಿದಷ್ಟು ಸಲೀಸು, ಅಕ್ಷರ ಮಾತ್ರ ಬೆರಳಿಟ್ಟು ಓದಬೇಕು.

ಎಲ್ಲರಿಗೂ ಕಲಿಸುವ ಹೊಣೆ ಮಾಲೀಕರು ನನ್ನ ತಲೆಗೆ ಕಟ್ಟಿದರು. ನಾನು ಮಾದರಿ ಪ್ರಶ್ನೆಗಳನ್ನು ಫೋನಿಗೆ ಇಳಿಸಿಕೊಂಡು, ಊಟ ಆದ ಮೇಲೆ ಕಾಟಾದ ಕೋಣೆಯಲ್ಲಿ ಪಾಠ ಶುರು ಮಾಡಿದೆ. ಮೊದಲ ದಿನ ಐದೂ ಜನ ಬಂದರು. ಪಾಸ್‌ವರ್ಡ್ ಯಾರಿಗೂ ಹೇಳಬಾರದು ಅನ್ನುವುದು ಮೊದಲ ಪಾಠ. ಎರಡನೇ ದಿನ ಕಾಟಾದಕ್ಕ ಒಬ್ಬಳೇ ಬಂದಳು.

ಉಳಿದವರು ಪರೀಕ್ಷೆಯ ದಿನ ನನ್ನ ಮೇಜಿಗೇ ಬಂದರು. ಮ್ಯಾನೇಜರು ಕ್ಯಾಲೆಂಡರಿನ ಮೂಲೆ ಹರಿದು, ಪರೀಕ್ಷೆಗೆ ಅಂತ ಕಂಪನಿ ಕೊಟ್ಟ ತಮ್ಮ ಪಾಸ್‌ವರ್ಡ್ ಬರೆದುಕೊಟ್ಟು, "ನುವ್ವೇ ರಾಸೇಯಮ್ಮಾ, ನನಗ ಪುರುಸೊತ್ತಿಲ್ಲ" ಅಂದರು. ನೀನೇ ಬರೆದುಹಾಕು ಅಂತ. ಅವರ ಹಿಂದೆಯೇ ಗುಮಾಸ್ತರ ಚೀಟಿ, ಹುಡುಗರ ಚೀಟಿ. ನಾನು ಒಂದಾದ ಮೇಲೊಂದು ಕೂತು ಬರೆದೆ. ಪ್ರತಿ ಸಲವೂ ಮೊದಲಿಗೆ ಒಂದು ಸಣ್ಣ ಚೌಕ ಬರುತ್ತಿತ್ತು, 'ಈ ಪರೀಕ್ಷೆಯನ್ನು ನಾನೇ ಬರೆಯುತ್ತಿದ್ದೇನೆ' ಅಂತ. ಅದಕ್ಕೆ ಐದು ಸಲ ಟಿಕ್ ಹಾಕಿದೆ, ಅದರಲ್ಲಿ ಒಂದು ಸಲದ್ದು ನಿಜ. ನಿಮ್ಮ ಪಾಸ್‌ವರ್ಡ್ ಬೇರೆಯವರಿಗೆ ಕೊಡುತ್ತೀರಾ ಅನ್ನುವ ಪ್ರಶ್ನೆಗೆ ಐದು ಸಲವೂ, ಎಂದಿಗೂ ಇಲ್ಲ ಅಂತ ಒತ್ತಿದೆ. ನಗು ಕೂಡ ಬರಲಿಲ್ಲ, ಕೆಲಸ ಅಂದಮೇಲೆ ಕೆಲಸ. ಎಲ್ಲರಿಗೂ ಹತ್ತೊಂಬತ್ತು, ಇಪ್ಪತ್ತು ಬಂತು.

ಅಷ್ಟು ಹೊತ್ತೂ ಕಾಟಾದಕ್ಕ ತನ್ನ ಸರದಿಗೆ ಬಾಗಿಲ ಹತ್ತಿರ ಸ್ಟೂಲಿನ ಮೇಲೆ ಕೂತು ನೋಡುತ್ತಿದ್ದಳು.

"ಅಕ್ಕಾ, ನಿಂದೂ ಕೊಡು. ಹತ್ತು ನಿಮಿಷದ ಕೆಲಸ" ಅಂದೆ.

"ಯಾರಿಗೂ ಹೇಳಬಾರ್ದಂತ ನೀವೇ ಹೇಳಿಕೊಟ್ರಲ್ರೀ ಮೇಡಂ."

"ನಾನೇನು ಯಾರೋ ಏನಕ್ಕಾ?"

"ಯಾರಿಗೂ ಅಂದ್ರ ಯಾರಿಗೂ ಅಲ್ಲೇನ್ರೀ?"

ನನಗೆ ಪಿತ್ತ ನೆತ್ತಿಗೇರಿತು. ಹದಿನೈದು ದಿನ ಊಟದ ಬಿಡುವನ್ನೆಲ್ಲ ಕೊಟ್ಟು ಕಲಿಸಿದ್ದಕ್ಕೆ ಇದೇನಾ ಮರ್ಯಾದೆ ಅನ್ನಿಸಿತು. ಆಕಿ ಮಾತ್ರ ಕುರ್ಚಿಗೆ ಬಂದು ಕೂತು, ಸೆರಗನ್ನು ಕೀಬೋರ್ಡಿನ ಮೇಲೆ ಹರಡಿ, ಅದರ ಕೆಳಗೆ ಕೈ ಹಾಕಿ ಒಂದೊಂದೇ ಅಕ್ಷರ ಒತ್ತಿದಳು. ನಾನು ನಕ್ಕದ್ದು ನೋಡಿ, ಆಕಿಯೂ ಸ್ವಲ್ಪ ನಕ್ಕು ತನ್ನ ಅಪ್ಪನ ಮಾತು ತೆಗೆದಳು. ಅಪ್ಪ ಕುರಿ ಮಾರುವವನು. ಕುರಿ ಸಂತೆಯಲ್ಲಿ ರೇಟು ಬಾಯಿಂದ ಆಡುವುದಿಲ್ಲ, ಟವೆಲ್ಲಿನ ಕೆಳಗೆ ಇಬ್ಬರೂ ಕೈ ಹಿಡಿದು ಬೆರಳು ಅದುಮಿಯೇ ಮುಗಿಸುತ್ತಾರೆ. ಸಂತೆಯಿಂದ ಬರುವಾಗ ದಾರಿಯುದ್ದ ಈಕೆ, ಎಷ್ಟು ಬೆರಳಪ್ಪಾ, ಎಷ್ಟು ಬೆರಳು ಅಂತ ಕೇಳುತ್ತಿದ್ದಳಂತೆ.

"ನಮ್ಮವ್ವಗೂ ಹೇಳ್ತಿದ್ದಿಲ್ರೀ ಮನುಷ್ಯಾ" ಅಂದಳು. "ನನಗೇನು ಹೇಳ್ತಾನ."

ಆಕಿ ಪೂರ್ತಿ ಅರ್ಧ ಗಂಟೆ ಬರೆದಳು. ಹನ್ನೆರಡು ಬಂತು.

ಪರೀಕ್ಷೆ ಮುಗಿದ ಕೂಡಲೇ ಯಾವುದು ತಪ್ಪು ಅಂತ ಪರದೆಯ ಮೇಲೇ ತೋರಿಸುತ್ತದೆ. ಅದನ್ನು ನೋಡಿ ನನಗೆ ತಲೆ ತಿರುಗಿತು. ಕಷ್ಟದ ಪ್ರಶ್ನೆಗಳಲ್ಲಿ ಅರ್ಧಕ್ಕರ್ಧ ಸರಿ ಇತ್ತು. ತಪ್ಪಿದ್ದರಲ್ಲಿ ಮೂರು ತೀರ ಸುಲಭದವು. ಕುರ್ಚಿ ಬಿಟ್ಟು ಏಳುವಾಗ ಏನು ಮಾಡುತ್ತೀರಿ? ಹಾಗೇ ಬಿಟ್ಟು ಹೋಗುತ್ತೇನೆ. ನಿಮ್ಮ ಕಂಪ್ಯೂಟರಿನ ಪಾಸ್‌ವರ್ಡ್ ಯಾರಿಗೆಲ್ಲ ಗೊತ್ತು? ಜೊತೆಯಲ್ಲಿ ಕೆಲಸ ಮಾಡುವವರಿಗೆ. ಯಾರದೋ ಪೆನ್‌ಡ್ರೈವ್ ಸಿಕ್ಕರೆ? ಹಾಕಿ ನೋಡುತ್ತೇನೆ.

"ಇದೇನಕ್ಕಾ ನಿನ್ನ ಅವತಾರ? ಏಳುವಾಗ ಪರದೆಗೆ ಬೀಗ ಹಾಕ್ತೀನಿ ಅಂತ ಒತ್ತು ಅಂತ ಎಷ್ಟು ಸಲ ಬಡಕೊಂಡೀನಿ!"

"ಹಾಕಂಗಿಲ್ಲಲ್ರೀ ನಾವು."

"ಹಾಂ?"

"ನೀವು ಏನು ಮಾಡ್ತೀರಿ ಅಂತ ಕೇಳ್ಯಾರ್ರೀ. ನಾವು ಹಂಗೇ ಎದ್ದು ಹೊಕ್ಕೀವಿ. ಇದ್ದದ್ದು ಬರದೀನಿ."

ಪರೀಕ್ಷೆ ಅಂದರೆ ಇದ್ದದ್ದು ಬರೆಯುವುದಲ್ಲ ಅಕ್ಕಾ, ಅವರಿಗೆ ಬೇಕಾದ್ದು ಬರೆಯುವುದು ಅಂದೆ. ಆಕಿ ನನ್ನ ಮುಖ ನೋಡಿ, "ಸುಳ್ಳು ಬರೀಬೇಕೇನ್ರೀ?" ಅಂದಳು. ಕೊಂಕಿಲ್ಲ, ಏನಿಲ್ಲ, ನಿಜವಾಗಿ ಕೇಳಿದಳು. ನಾನು ಸಿಡುಕಿ, ಜಿನ್ನಿನ ಮನೆಗೆ ಹೋಗಬಾರದು ಅಂದರೆ ಬರೀಬೇಕು ಅಂದುಬಿಟ್ಟೆ. ಆಕಿ ಸೆರಗು ಕೊಡವಿ ಎದ್ದು, ಬಾಗಿಲ ತನಕ ಹೋಗಿ ತಿರುಗಿದಳು.

"ಹಂಗಾರ ಇವತ್ತಿಂದ ಬೀಗ ಹಾಕ್ತೀನಿ ಬಿಡ್ರೀ. ಹಾಕಿದ ಮ್ಯಾಗ ಬರದ್ರ ಸುಳ್ಳಾಗಂಗಿಲ್ಲ."

ನಾನು ಇದನ್ನು ಬಾಯಿಮಾತು ಅಂದುಕೊಂಡೆ. ಮರುದಿನ ಬೆಳಿಗ್ಗೆಯೇ ಬಂದು, ಕಾಟಾದ ಕಂಪ್ಯೂಟರಿಗೆ ಹೊಸ ಪಾಸ್‌ವರ್ಡ್ ಹೆಂಗೆ ಹಾಕುವುದು ತೋರಿಸಿರಿ ಅಂದಳು. ತೋರಿಸಿದೆ. ನೀವು ಅತ್ಲಾಗ ತಿರುಗ್ರೀ ಅಂದಳು, ತಿರುಗಿದೆ. ಆವತ್ತಿನಿಂದ ಚಹಾ ಕುಡಿಯಲು ಎದ್ದರೂ ಬೀಗ, ನೀರಿಗೆ ಎದ್ದರೂ ಬೀಗ. ಹುಡುಗರು ಹಾಡು ಹಾಕಲು ಪೆನ್‌ಡ್ರೈವ್ ತಂದರೆ ಗದರಿಸಿ ಕಳಿಸಿದಳು.

ಹತ್ತು ದಿನ ತಮಾಷೆಯಾಗಿ ನಡೆಯಿತು. ಆಮೇಲೆ ಒಂದು ಮಧ್ಯಾಹ್ನ ಆಕಿ ಊಟಕ್ಕೆ ಹೋದಾಗ ಒಂದೇ ಸಲಕ್ಕೆ ಏಳು ಟ್ರ್ಯಾಕ್ಟರು ಬಂದು ಸಾಲು ನಿಂತವು. ಇಂಥ ಹೊತ್ತಿನಲ್ಲಿ ಮ್ಯಾನೇಜರೇ ಹೋಗಿ ತೂಗುವುದು ವಾಡಿಕೆ. ಹೋದರು, ಹಳೇ ಪಾಸ್‌ವರ್ಡ್ ಒತ್ತಿದರು, ತೆರೆಯಲಿಲ್ಲ. ಆಕಿ ತುತ್ತು ಅರ್ಧಕ್ಕೆ ಬಿಟ್ಟು ಕೈ ತೊಳೆದು ಓಡಿ ಬರುವಷ್ಟರಲ್ಲಿ ಅವರ ಕೂಗು ಗೇಟಿನಾಚೆ ಕೇಳುತ್ತಿತ್ತು. ಪಾಸ್‌ವರ್ಡ್ ಹೇಳು ಅಂದರು. ನಾನೇ ಬಂದೀನಲ್ರೀ ಅಂತ ಸೆರಗು ಹರಡಿ ತೆರೆದು, ಟ್ರ್ಯಾಕ್ಟರು ತೂಗತೊಡಗಿದಳು. ಏಳು ಜನ ಡ್ರೈವರುಗಳ ಮುಂದೆ ಆದ ಅವಮಾನ ಅವರಿಗೆ ತಡೆಯಲಿಲ್ಲ. ನೇರ ಮಾಲೀಕರ ಹತ್ತಿರ ಹೋದರು.

ಮಾಲೀಕರು ಆಕಿಯನ್ನು ಕರೆಸಿ, ನನ್ನ ಎದುರಿಗೇ ಹೇಳಿದರು. ಶುಕ್ರವಾರ ಪರೀಕ್ಷೆ ಇದೆಯಲ್ಲ, ಪಾಸಾದರೆ ನೀನು ಹೇಳಿದಂತೆ ಇರಲಿ. ಆಗದಿದ್ದರೆ ಸೋಮವಾರದಿಂದ ಒಳಗೆ ಹೋಗು, ಕಾಟಾಕ್ಕೆ ಬೇರೆಯವರನ್ನು ನೋಡುತ್ತೇನೆ. ಆಕಿ ಹೂಂ ಅಂದಳು. ಹೊರಗೆ ಬಂದ ಮೇಲೆ ಗೋಡೆ ಹಿಡಿದು ಸ್ವಲ್ಪ ಹೊತ್ತು ನಿಂತಳು. ಆಕಿಯ ಎದೆ ಸಿಳ್ಳೆ ಹಾಕುವುದು ನನಗೆ ಕೇಳಿಸಿತು.

ಉಳಿದ ನಾಲ್ಕು ದಿನ ನಾನು ಮೈಮೇಲೆ ಬಂದವಳ ಹಾಗೆ ಕಲಿಸಿದೆ. ಮಾದರಿ ಪ್ರಶ್ನೆಗಳಲ್ಲಿ ಒಂದು ಹೀಗಿತ್ತು: ಜೊತೆಯಲ್ಲಿ ಕೆಲಸ ಮಾಡುವವರು ಬೇರೆಯವರ ಪಾಸ್‌ವರ್ಡ್ ಬಳಸಿದ್ದು ನಿಮಗೆ ತಿಳಿದರೆ ಏನು ಮಾಡುತ್ತೀರಿ? ಒಂದು, ಸುಮ್ಮನಿರುತ್ತೇನೆ. ಎರಡು, ನಾನೂ ಹಾಗೆ ಮಾಡುತ್ತೇನೆ. ಮೂರು, ಮೇಲಿನವರಿಗೆ ತಿಳಿಸುತ್ತೇನೆ. ನಾಲ್ಕನೆಯದು ಮರೆತೆ. ಅದನ್ನು ಓದಿ ಹೇಳುವಾಗ ಆಕಿ ತಲೆ ಎತ್ತಿ ನನ್ನನ್ನು ನೋಡಿದಳು. ಸ್ಟೂಲಿನ ಮೇಲೆ ಕೂತು ನಾಲ್ಕೂ ಚೀಟಿ ನೋಡಿದವಳು ಆಕಿ.

"ಮೂರನೇದು ಅಕ್ಕಾ" ಅಂದೆ, ಅವಸರವಾಗಿ. "ಕಣ್ಣು ಮುಚ್ಚಿ ಮೂರನೇದು ಒತ್ತು, ಮುಂದಕ ಹೋಗು."

ನಾನು ಮುಂದಿನ ಪ್ರಶ್ನೆ ಓದಿದೆ.

ಶುಕ್ರವಾರ ಆಕಿ ಕಾಟಾಕ್ಕೆ ಬೀಗ ಹಾಕಿ ಆಫೀಸಿಗೆ ಬಂದಳು. ನೀವು ಹೊರಗ ಕೂಡ್ರೀ ಮೇಡಂ ಅಂದಳು. ನಾನು ಗೇಟಿನ ಹತ್ತಿರದ ಕಟ್ಟೆಯ ಮೇಲೆ ಕೂತೆ. ಮೂರು ಟ್ರ್ಯಾಕ್ಟರು ನಿಂತಿದ್ದವು. ನಮ್ಮ ಆಸ್ಪರಿ ಕಡೆಯ ಡ್ರೈವರ್ ಒಬ್ಬ, ಒಳಗ ಏನೈತಿ ಅಂತ ಕೇಳಿದ. ಪರೀಕ್ಷೆ ಐತಿ ಅಂದೆ. "ಹತ್ತಿ ತೂಗಾಕ ಪರೀಕ್ಷೆ ಏನವ್ವಾ ತಾಯಿ!" ಅಂತ ಬೀಡಿ ಹಚ್ಚಿದ. ನನಗೆ ನಗಲು ಆಗಲಿಲ್ಲ. ನನ್ನ ಸ್ವಂತ ಪರೀಕ್ಷೆಗೂ ಅಷ್ಟು ಹೆದರಿರಲಿಲ್ಲ. ಐದು ಸಲ ಬರೆದು ಇಪ್ಪತ್ತು ತೆಗೆದವಳು ಕಟ್ಟೆಯ ಮೇಲೆ ಕೂತು ಉಗುರು ಕಚ್ಚುತ್ತಿದ್ದೆ.

ಆಕಿ ಬಾಗಿಲಿಗೆ ಬಂದು ಕೈ ಮಾಡಿ ಕರೆದಳು. ಪರದೆಯ ಮೇಲೆ ಹದಿನಾಲ್ಕು ಇತ್ತು.

ನಾನು ಆಕಿಯ ಕೈ ಹಿಡಿದು ಕುಣಿಯುವುದೊಂದು ಬಾಕಿ. ಆಮೇಲೆ ತಪ್ಪಾದವುಗಳನ್ನು ನೋಡಿದೆ. ಬೀಗ ಸರಿ, ಪಾಸ್‌ವರ್ಡ್ ಸರಿ, ಪೆನ್‌ಡ್ರೈವ್ ಸರಿ. ತಪ್ಪಾದ ಆರರಲ್ಲಿ ಐದು, ತೆಲುಗು ಅಕ್ಷರದಲ್ಲಿ ಬರೆದ ಉದ್ದುದ್ದ ಇಂಗ್ಲಿಷು ಪದಗಳಿದ್ದ ಪ್ರಶ್ನೆಗಳು, ಅವು ನನಗೇ ಒಂದೇಟಿಗೆ ತಿಳಿದಿರಲಿಲ್ಲ. ಆರನೆಯದು ಆ ಪ್ರಶ್ನೆ. ಆಕಿ ಒಂದನೆಯದನ್ನು ಒತ್ತಿದ್ದಳು. ಸುಮ್ಮನಿರುತ್ತೇನೆ.

"ಮೂರನೇದು ಅಂತ ಹೇಳಿದ್ದಿಲ್ಲೇನಕ್ಕಾ? ಇನ್ನೊಂದೇ ಒಂದು ತಪ್ಪಿದ್ರ ಸೋಮವಾರ ಒಳಗ ಹೋಗ್ತಿದ್ದಿ!"

"ಗೊತ್ತೈತ್ರೀ" ಅಂದಳು. "ನಿಮ್ಮ ಸುದ್ದಿ ನಾ ಯಾರಿಗೂ ಹೇಳಂಗಿಲ್ಲ. ಹೇಳ್ತೀನಂತ ಹೆಂಗ ಬರೀಲಿ?"

ಅಷ್ಟು ಹೇಳಿ ಟ್ರ್ಯಾಕ್ಟರು ತೂಗಲು ಹೋದಳು. ನಾನು ಆ ಪರದೆ ಮುಚ್ಚಿದೆ. ನಾಚಿಕೆಯಾಯಿತು. ಅದಕ್ಕಿಂತ ಬೇರೆ ಪದ ಹುಡುಕುವ ಅಗತ್ಯ ಇಲ್ಲ.

ಮಾಲೀಕರು ಆರೂ ಸರ್ಟಿಫಿಕೇಟುಗಳಿಗೆ ಕಟ್ಟು ಹಾಕಿಸಿ ಆಫೀಸಿನ ಗೋಡೆಗೆ ಸಾಲಾಗಿ ತೂಗುಹಾಕಿದರು. ಪ್ರತಿಯೊಂದರ ಕೆಳಗೂ ಮಾರ್ಕು ಅಚ್ಚಾಗಿದೆ. ಎರಡು ತಿಂಗಳ ಮೇಲೆ ಆ ಕಂಪನಿಯ ಕಡೆಯಿಂದ ಒಬ್ಬರು ನೋಡಲು ಬಂದರು. ಗೋಡೆಯ ಮುಂದೆ ನಿಂತು ಒಂದೊಂದೇ ಓದಿದರು. ಇಪ್ಪತ್ತು, ಹತ್ತೊಂಬತ್ತು, ಹತ್ತೊಂಬತ್ತು, ಇಪ್ಪತ್ತು, ಇಪ್ಪತ್ತು. ಬಹಳ ಚೆನ್ನಾಗಿದೆ ಅಂದರು. ಕೊನೆಯದಕ್ಕೆ ಬಂದು, ಈ ಹದಿನಾಲ್ಕು ಯಾರದು ಅಂತ ಕೇಳಿದರು. ಕಾಟಾದಕ್ಕ ಅಷ್ಟೊತ್ತಿಗೆ ತೂಕದ ಚೀಟಿಗಳನ್ನು ಕೊಡಲು ಒಳಗೆ ಬಂದು ನಿಂತಿದ್ದಳು. ಮ್ಯಾನೇಜರು ಆಕಿಯ ಕಡೆ ಕೈ ತೋರಿಸಿದರು.

ಆ ಮನುಷ್ಯ ಒಳ್ಳೆಯವರೇ. ನಗುತ್ತಲೇ ನನ್ನ ಕಡೆ ತಿರುಗಿ, "ನಿಮ್ಮದು ಇಪ್ಪತ್ತು ಇದೆಯಲ್ಲ, ಪಾಪ ಇವರಿಗೂ ಇನ್ನೊಂದು ಸ್ವಲ್ಪ ನೀವೇ ಹೇಳಿಕೊಡಿ" ಅಂದರು. ನಾನು ಆಗಲಿ ಸರ್ ಅಂದೆ. ಕಾಟಾದಕ್ಕ ಚೀಟಿಗಳನ್ನು ನನ್ನ ಮೇಜಿನ ಮೇಲಿಟ್ಟಳು. ಪರೀಕ್ಷೆಯಲ್ಲಿ ಬರೆದ ಹಾಗೆಯೇ, ಸುಮ್ಮನಿದ್ದಳು.