ಅಕ್ಕಿ ಡಬ್ಬದ ಉಸಿರು

...ಅಥವಾ ಅದು ಕೆಂಪು ಬಣ್ಣದ್ದೇ ಆಗಿರಲಿಲ್ಲವೋ ಏನೋ. ಮೂರು ಸಲ ಬರೆದು ನೋಡಿದ್ದೇನೆ, ಮೂರು ಸಲವೂ ಸರ್ ಮನೆಯ ಟೆಲಿಫೋನ್ ಕೆಂಪಾಗಿಯೇ ಬಂದು ಕೂತಿದೆ. ಅಷ್ಟು ಸಲೀಸಾಗಿ ಬಂದದ್ದರಿಂದಲೇ ಈಗ ಅನುಮಾನ. ಹೋದ ವಾರ ಹಳೆಯ ಇನ್ವರ್ಟರ್ ಕೊಡಲೆಂದು ಇಲ್ಲೇ ತುಮಕೂರಿನ ಸತ್ಯಮಂಗಲದ ಗುಜರಿ ಅಂಗಡಿಯೊಂದಕ್ಕೆ ಹೋಗಿದ್ದೆ. ಕೀಬೋರ್ಡುಗಳ ರಾಶಿಯ ಮೇಲೆ ಮಾಸಿದ ಬಿಳಿಯ ಫೋನೊಂದು ಮಗುಚಿ ಬಿದ್ದಿತ್ತು. ಯಾಕೋ ಎತ್ತಿ ಕಿವಿಗಿಟ್ಟುಕೊಂಡೆ. ಮಾತಾಡುವ ತೂತುಗಳಿಂದ ಪ್ಲಾಸ್ಟಿಕ್ಕಿನ ವಾಸನೆ, ಯಾರದೋ ಬಾಯುಸಿರಿನ ವಾಸನೆ, ಅದರ ಹಿಂದೆ ಎಲ್ಲೋ ಲವಂಗ.

"ಯಾರ್ ಸಾರ್ ಲೈನಲ್ಲಿ?" ಎಂದು ಗುಜರಿಯವನು ನಕ್ಕ.

ಲವಂಗ ನಿಜವಾಗಿ ಇತ್ತೇ? ಸರ್ ಅಂಗಿ ಜೇಬಿನಲ್ಲಿ ಪೆನ್ನಿನ ಪಕ್ಕ ಲವಂಗದ ಪುಟ್ಟ ಡಬ್ಬಿ ಇರುತ್ತಿತ್ತು ಎಂಬುದು ಖಂಡಿತ. ಮಿಕ್ಕದ್ದನ್ನು ನನ್ನ ಮೂಗು ಸೇರಿಸಿಕೊಂಡಿರಬಹುದು.

ತುಮಕೂರಿನ ಪಾಲಿಟೆಕ್ನಿಕ್ಕಿನಲ್ಲಿ ಅವರು ನಮಗೆ ಕಮ್ಯುನಿಕೇಶನ್ ಪಾಠ ಮಾಡುತ್ತಿದ್ದರು. ನಾನು ಗುಬ್ಬಿಯಿಂದ ರೈಲಿನಲ್ಲಿ ಬರುವವರ ಗುಂಪಿನವನು. ರೈಲು ತಡವಾದರೆ ಬಾಗಿಲಲ್ಲಿ ನಿಂತ ನಮ್ಮನ್ನು ಅವರು ಬಯ್ಯುತ್ತಿರಲಿಲ್ಲ. "ಬನ್ರಪ್ಪಾ, ಗುಬ್ಬಿ ಸಿಗ್ನಲ್ ಯಾವತ್ತೂ ಡಿಲೇನೇ" ಎಂದು ಬೋರ್ಡಿನ ಕಡೆ ತಿರುಗುತ್ತಿದ್ದರು.

ಮಾತು ಅಂಕಿಯಾಗಿ ತಂತಿಯ ಮೇಲೆ ಹೋಗುವುದು ಹೇಗೆಂದು ಅವರು ಕಲಿಸಿದ ರೀತಿಯನ್ನು ಆ ಬ್ಯಾಚಿನವರು ಯಾರೂ ಮರೆತಿಲ್ಲ. ಬೋರ್ಡಿನ ಮೇಲೆ ಏರಿಳಿಯುವ ಒಂದು ಗೆರೆ ಎಳೆದರು. ಕೊನೆಯ ಬೆಂಚಿನ ಒಬ್ಬನನ್ನು ಗೋಡೆಗೆ ಮುಖ ಮಾಡಿ ನಿಲ್ಲಿಸಿ ಕೈಗೆ ಗ್ರಾಫ್ ಹಾಳೆ ಕೊಟ್ಟರು. ನಾವೆಲ್ಲ ಕಣ್ಣು ಮುಚ್ಚಬೇಕು. ಅವರು ಸುಣ್ಣದ ಕಡ್ಡಿಯನ್ನು ಗೆರೆಯ ಮೇಲೆ ಸರಿಸುತ್ತ ಇನ್ನೊಂದು ಕೈಯಲ್ಲಿ ಆಗಾಗ ಮೇಜು ಕುಟ್ಟುತ್ತಿದ್ದರು. ಕುಟ್ಟಿದಾಗ ಮಾತ್ರ ಕಣ್ಣು ತೆರೆದು ಕಡ್ಡಿ ಎಷ್ಟು ಎತ್ತರದಲ್ಲಿದೆಯೆಂದು ಕೂಗಬೇಕು. ಐದು, ಏಳು, ಎಂಟು, ಆರು... ಗೋಡೆಯ ಕಡೆಯವನು ಆ ಅಂಕಿಗಳನ್ನಷ್ಟೇ ಕೇಳಿ ಗೆರೆ ಎಳೆದ. ತಿರುಗಿಸಿ ನೋಡಿದರೆ ಬೋರ್ಡಿನದೇ ಗೆರೆ, ಸ್ವಲ್ಪ ಮೆಟ್ಟಿಲು ಮೆಟ್ಟಿಲಾಗಿ.

"ಸರ್, ಏಳೂವರೆ ಇತ್ತು, ನಾವು ಏಳು ಅಂದ್ವಿ. ಆ ಅರ್ಧ ಎಲ್ಲೋಯ್ತು?" ಎಂದು ಯಾರೋ ಕೇಳಿದರು. ಕೇಳಿದವನು ನಾನೇ ಎಂದು ಬಹಳ ಕಾಲ ನಂಬಿದ್ದೆ. ಇನ್ನಿಬ್ಬರು ಗೆಳೆಯರು ತಾವೇ ಎನ್ನುತ್ತಾರೆ.

"ಎಲ್ಲೂ ಹೋಗಲ್ಲ ಕಣೋ. ಆ ಕಡೆಯವನ ಕಿವೀಲಿ ಸುಯ್ ಅಂತ ಕೂತಿರುತ್ತೆ."

ಒಂದು ಕುಟ್ಟಿಗೂ ಇನ್ನೊಂದಕ್ಕೂ ನಡುವೆ ಏನಾಯಿತೋ ನಮಗೆ ಕಾಣುವುದಿಲ್ಲ, ಬೇಗ ಬೇಗ ಕುಟ್ಟಿದರೆ ಅದು ಕಾಣದಿದ್ದರೂ ನಷ್ಟವಿಲ್ಲ ಎಂದರು. ಫೋನಿನಲ್ಲಿ ಸೆಕೆಂಡಿಗೆ ಎಂಟು ಸಾವಿರ ಸಲ ಕುಟ್ಟುತ್ತಾರಂತೆ. ನೆನಪೂ ಹೀಗೆಯೇ ಎಂದು ಇಲ್ಲಿ ಬರೆಯಲು ಕೈ ಮುಂದಾಗುತ್ತದೆ. ಹಾಗೆ ಬರೆದರೆ ಸರ್ ಅದಕ್ಕೆ ಅಂಕ ಕೊಡುತ್ತಿರಲಿಲ್ಲ. ಅಳತೆ ಮಾಡಿದ್ದೀಯೇನೋ ಎಂದು ಕೇಳುತ್ತಿದ್ದರು.

ಡಿಪ್ಲೊಮಾ ಮುಗಿದ ಮೇಲೆ ನನಗೆ ಮೊಬೈಲ್ ಟವರುಗಳನ್ನು ನೋಡಿಕೊಳ್ಳುವ ಕೆಲಸ ಸಿಕ್ಕಿತು. ಗುಬ್ಬಿಯಿಂದ ಗೂಳೂರು, ಅಲ್ಲಿಂದ ಕುಣಿಗಲ್ ದಾರಿಯವರೆಗೆ ಬೈಕಿನಲ್ಲಿ ಸುತ್ತಾಟ. ಮನೆ ಮಾಡಿದ್ದು ತುಮಕೂರಿನಲ್ಲಿ, ಸರ್ ಮನೆಯ ಹಿಂದಿನ ಬೀದಿಯಲ್ಲಿ. ಅವರು ಆಗಲೇ ರಿಟೈರ್ ಆಗಿದ್ದರು. ಹೆಂಡತಿ ತೀರಿಕೊಂಡು ವರ್ಷಗಳಾಗಿದ್ದವು, ಮಕ್ಕಳಿರಲಿಲ್ಲ. ಸಂಜೆ ಕೆಲಸ ಮುಗಿಸಿ ಬರುವಾಗ ಅವರ ಜಗಲಿಯಲ್ಲಿ ಒಂದು ಟೀ ಕುಡಿದು ಹೋಗುವುದು ನನಗೆ ಅಭ್ಯಾಸವಾಯಿತು.

ಕುಣಿಗಲ್ಲಿನಲ್ಲಿ ಅವರ ಅಕ್ಕ ಇದ್ದರು. ಆಪಾ ಎನ್ನುತ್ತಿದ್ದರು, ನಾನೂ ಹಾಗೇ ಎನ್ನುತ್ತಿದ್ದೆ. ತಾಯಿ ಬೇಗ ಹೋಗಿಬಿಟ್ಟಿದ್ದರಿಂದ ತಮ್ಮನನ್ನು ಎತ್ತಿ ಆಡಿಸಿದ್ದು, ಹೊಲಿಗೆ ಮಿಷನ್ ತುಳಿದು ಓದಿಸಿದ್ದು ಎಲ್ಲ ಆಪಾ. ಅವರಿಗೆ ಲಕ್ವ ಹೊಡೆದು ಬಲಭಾಗ ಬಿದ್ದುಹೋಯಿತು. ಅದರ ಜೊತೆ ಮಾತೂ ಹೋಯಿತು. ಮಗಳ ಮನೆಯಲ್ಲಿ ಮಲಗಿದ್ದರು. ಸರ್‌ಗೆ ಮಂಡಿ ನೋವು, ಬಸ್ಸು ಹತ್ತಿ ಇಳಿದು ಹೋಗಿ ಬರಲು ಭಾನುವಾರವಷ್ಟೇ ಆಗುತ್ತಿತ್ತು. ಮಿಕ್ಕ ದಿನ ಫೋನು.

ಮೊದಮೊದಲು ಅವರು ಮಾತಾಡುತ್ತಿದ್ದರಂತೆ. ಉತ್ತರ ಕೊಡಲಾಗದೆ ಆಪಾ ಅಳುತ್ತಿದ್ದರು. ಅದನ್ನು ನೋಡಲಾಗದೆ ಅಕ್ಕನ ಮಗಳು, ಮಾಮೂ, ಮಾತು ಬೇಡ, ಸುಮ್ಮನೆ ಲೈನಲ್ಲಿರಿ ಎಂದಳು. ಅಲ್ಲಿಂದ ಶುರುವಾಯಿತು. ಸಂಜೆ ಐದಕ್ಕೆ ಮಗಳು ಮೊಬೈಲನ್ನು ಆಪಾರ ದಿಂಬಿನ ಮೇಲೆ, ಕಿವಿಗೂ ಬಾಯಿಗೂ ಹತ್ತಿರವಾಗಿ ಇಡುತ್ತಿದ್ದಳು. ಇಲ್ಲಿ ಸರ್ ಜಗಲಿಯ ಕುರ್ಚಿಯಲ್ಲಿ ತಮ್ಮ ಮೊಬೈಲನ್ನು ಕಿವಿಗೊತ್ತಿಕೊಂಡು ಕಣ್ಣು ಮುಚ್ಚುತ್ತಿದ್ದರು. ಕಾಲು ಗಂಟೆ, ಒಬ್ಬರೂ ಮಾತಾಡುತ್ತಿರಲಿಲ್ಲ. ಅವರು ಉಸಿರು ಕೇಳಿಸಿಕೊಳ್ಳುತ್ತಿದ್ದಾರೆಂದು ನನಗೆ ತಿಳಿಯಲು ವಾರವೇ ಬೇಕಾಯಿತು.

ಹೀಗೇ ಕೆಲವು ತಿಂಗಳು ಕಳೆದ ಮೇಲೆ ಒಂದು ದಿನ ಫೋನ್ ಇಟ್ಟು, ಮುಖ ಅರಳಿಸಿಕೊಂಡು ಹೇಳಿದರು. "ಇವತ್ತು ಉಸಿರು ಚೆನ್ನಾಗಿದೆ ಕಣೋ. ಸಮವಾಗಿ, ಎಳೆ ಎಳೆಯಾಗಿ ಬರ್ತಾ ಇದೆ."

ನಾನು ಆಗಷ್ಟೇ ಕಂಪನಿಯ ಟ್ರೈನಿಂಗ್ ಮುಗಿಸಿ ಬಂದಿದ್ದೆ. ಗುರುಗಳಿಗೆ ಗೊತ್ತಿಲ್ಲದ್ದು ನನಗೆ ಗೊತ್ತಿದೆ ಎಂಬ ಹುರುಪು ಇತ್ತು, ಅದನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ.

"ಅದು ಉಸಿರಲ್ಲ ಸರ್" ಎಂದುಬಿಟ್ಟೆ.

ಬಿಡಿಸಿ ಹೇಳಿದೆ ಕೂಡ. ಮಾತು ನಿಂತ ಕೂಡಲೇ ಮೊಬೈಲು ಸದ್ದು ಕಳಿಸುವುದನ್ನೂ ನಿಲ್ಲಿಸುತ್ತದೆ, ಬ್ಯಾಟರಿ ಉಳಿಯಲಿ, ಟವರಿನ ದಾರಿ ಬೇರೆಯವರಿಗೆ ಬಿಡುವಾಗಲಿ ಎಂದು. ಉಸಿರಿನಂಥ ಸಣ್ಣ ಸದ್ದು ಅದರ ಲೆಕ್ಕಕ್ಕೆ ಮಾತಲ್ಲ. ಆದರೆ ಕಿವಿಗೆ ಪೂರಾ ನಿಶ್ಶಬ್ದ ಬಿದ್ದರೆ ಜನ ಲೈನ್ ಕಟ್ಟಾಯಿತೆಂದು ಹಲೋ ಹಲೋ ಎಂದು ಅರಚುತ್ತಾರೆ. ಅದಕ್ಕೆ ಕೇಳುವವರ ಕೈಯಲ್ಲಿರುವ ಫೋನೇ ಒಂದು ಸುಯ್ಯೆನ್ನುವ ಸದ್ದನ್ನು ತಯಾರಿಸಿ ಕಿವಿಗೆ ಬಿಡುತ್ತದೆ. ಆ ಕಡೆಯಿಂದ ಆಗಾಗ ಚೀಟಿಯಷ್ಟು ಸುದ್ದಿ ಬರುತ್ತದೆ, ಇಲ್ಲಿಯ ಸದ್ದು ಸುಮಾರು ಹೀಗಿದೆ ಎಂದು. ಅದನ್ನು ನೋಡಿಕೊಂಡು ಇದು ನೇಯುತ್ತದೆ. ಪುಸ್ತಕದಲ್ಲಿ ಅದಕ್ಕಿರುವ ಹೆಸರನ್ನು ಕನ್ನಡದಲ್ಲಿ ಹೇಳಿದರೆ ಸಮಾಧಾನದ ಸದ್ದು.

ಇಷ್ಟನ್ನೂ ಒಂದೇ ಉಸಿರಿಗೆ ಒಪ್ಪಿಸಿದೆ. ಆಮೇಲೆ ಅವರ ಮುಖ ಹೇಗಿತ್ತು? ಹಳೆಯ ನೋಟ್‌ಬುಕ್ಕಿನಲ್ಲಿ "ಕಣ್ಣು ಮುಚ್ಚಿದರು" ಎಂದು ಬರೆದಿದ್ದೇನೆ. ಇನ್ನೊಂದರಲ್ಲಿ "ನಕ್ಕರು" ಎಂದಿದೆ. ಎರಡೂ ನನ್ನದೇ ಅಕ್ಷರ. ಮಾತು ಮಾತ್ರ ಎರಡರಲ್ಲೂ ಒಂದೇ.

"ಯಾರೋ ಹೇಳ್ಕೊಟ್ಟೋರು ಇದನ್ನ?"

"ಟ್ರೈನಿಂಗಲ್ಲಿ ಸರ್."

"ಚೆನ್ನಾಗ್ ಕಲ್ತಿದೀಯ. ಟೀ ಆರೋಗ್ತಿದೆ, ಕುಡಿ."

ಮರುದಿನ ಸಂಜೆ ನನ್ನನ್ನು ಕರೆಸಿದರು. ಪ್ರಯೋಗ ಮಾಡದೆ ಏನನ್ನೂ ಒಪ್ಪುವ ಮನುಷ್ಯರಲ್ಲ. ಅಕ್ಕನ ಮಗಳಿಗೆ ಫೋನ್ ಹಚ್ಚಿ, ಮೊಬೈಲನ್ನು ಆಪಾ ಹತ್ತಿರ ಇಡಬೇಡ, ಅಡುಗೆ ಮನೆಯ ಅಕ್ಕಿ ಡಬ್ಬದ ಮೇಲಿಟ್ಟು ಬಾಗಿಲು ಎಳೆದುಕೊಂಡು ಆಚೆ ಹೋಗು ಎಂದು ಅವರ ಮನೆಮಾತಿನಲ್ಲಿ ಹೇಳಿದರು. ಅಕ್ಕಿ ಡಬ್ಬವೇ ಯಾಕೆ ಎಂದು ಅವಳು ಕೇಳಿದ್ದು ನನಗೂ ಕೇಳಿಸಿತು. ಎರಡು ನಿಮಿಷ ಕಿವಿಗೊಟ್ಟು ಕೂತರು. ಆಮೇಲೆ ಮೊಬೈಲನ್ನು ನನ್ನ ಕೈಗೆ ಕೊಟ್ಟರು. ಸುಯ್... ಸಮವಾಗಿ, ಎಳೆ ಎಳೆಯಾಗಿ.

"ಅಕ್ಕಿ ಡಬ್ಬಾನೂ ಆರೋಗ್ಯವಾಗಿ ಉಸಿರಾಡ್ತಾ ಇದೆ ನೋಡೋ" ಎಂದರು. ದೊಡ್ಡದಾಗಿ ನಕ್ಕರು. ನಾನೂ ನಕ್ಕೆ. ಆ ನಗು ನನಗೆ ಇವತ್ತಿಗೂ ಅರ್ಥವಾಗಿಲ್ಲ.

ಆ ವಾರವೇ ಕುಣಿಗಲ್ಲಿನ ಟೆಲಿಫೋನ್ ಆಫೀಸಿಗೆ ಹೋದೆವು. ನನ್ನ ಬೈಕಿನ ಹಿಂದೆ ಕೂರಿಸಿಕೊಂಡು ಹೋದೆ ಎಂದು ಬರೆಯಬೇಕೆಂದಿದ್ದೆ, ಬಸ್ಸಿನಲ್ಲಿ ಬಂದಿರಿ ಎಂದು ಅಕ್ಕನ ಮಗಳು ತಿದ್ದಿದಳು. ಮಂಡಿ ನೋವಿನವರನ್ನು ಬೈಕಿನಲ್ಲಿ ಅಷ್ಟು ದೂರ ಕೂರಿಸುವುದು ಸಾಧ್ಯವೂ ಇಲ್ಲ. ಇರಲಿ. ಸರ್ ಮನೆಯಲ್ಲಿ ಹಳೆಯ ಲ್ಯಾಂಡ್‌ಲೈನ್ ಇನ್ನೂ ಇತ್ತು, ಧೂಳು ಹಿಡಿದಿದ್ದರೂ ಜೀವ ಇತ್ತು. ಅಕ್ಕನ ಮಗಳ ಮನೆಯವರು ಮಾತ್ರ ಎಂದೋ ವಾಪಸ್ ಮಾಡಿದ್ದರು. ಅದನ್ನು ಮತ್ತೆ ಹಾಕಿಸಬೇಕಿತ್ತು.

ಕೌಂಟರಿನಲ್ಲಿದ್ದ ಹೆಂಗಸು ಅರ್ಜಿಯನ್ನೂ ಸರ್ ಮುಖವನ್ನೂ ಎರಡೆರಡು ಸಲ ನೋಡಿದರು. "ಎಲ್ರೂ ವಾಪಸ್ ಕೊಡಕ್ ಬರ್ತಾರೆ ಸಾರ್, ನೀವೊಬ್ರೇ ಹೊಸದು ಕೇಳ್ಕೊಂಡ್ ಬಂದಿರೋದು. ಫೈಬರ್ ತಗೊಂಬುಡಿ. ವೈಫೈ ಬರುತ್ತೆ, ಸೀರಿಯಲ್ ನೋಡ್ಬೋದು."

"ಬೇಡಮ್ಮ, ನಂಗೆ ತಾಮ್ರದ್ ತಂತೀನೇ ಬೇಕು."

"ಮಳೆ ಬಂದ್ರೆ ಗೊರಗೊರ ಅನ್ನುತ್ತೆ ಸಾರ್ ಅದು."

"ಅನ್ಲಿ ಬುಡಮ್ಮ. ಏನಾದ್ರೂ ಅನ್ಲಿ."

ಹೊರಗೆ ಬಂದು ಮೆಟ್ಟಿಲ ಮೇಲೆ ಮಂಡಿ ಒತ್ತಿಕೊಳ್ಳುತ್ತ ಕೂತರು. ಪಾಠದ ದನಿಯಲ್ಲಿ ಹೇಳಿದರು, ಅಥವಾ ನಾನು ಹಾಗೆ ಕೇಳಿಸಿಕೊಂಡೆ. ಹಳೆಯ ಎಕ್ಸ್‌ಚೇಂಜಿಗೆ ಯಾವುದು ಮಾತು, ಯಾವುದು ಮಾತಲ್ಲ ಎಂದು ಆರಿಸುವ ಬುದ್ಧಿ ಇಲ್ಲ. ಯಾರೂ ಮಾತಾಡದಿದ್ದರೂ ಅದು ಸೆಕೆಂಡಿಗೆ ಎಂಟು ಸಾವಿರ ಸಲ ಮೇಜು ಕುಟ್ಟುತ್ತಲೇ ಇರುತ್ತದೆ, ಏನಿದೆಯೋ ಅದನ್ನು ಕಳಿಸುತ್ತದೆ. "ದಡ್ಡ ಕಣೋ ಅದು. ನಂಗೆ ಆ ದಡ್ಡನೇ ಬೇಕು."

ಲೈನ್ ಬರಲು ದಿನಗಳು ಹಿಡಿದವು. ಕಂಬದಿಂದ ಮನೆಗೆ ಎಳೆಯಲು ತಂತಿ ಇಲ್ಲ ಎಂದರು, ತಂತಿ ಸಿಕ್ಕಿದಾಗ ಲೈನ್‌ಮ್ಯಾನ್ ರಜೆ. ಸರ್ ಆ ದಿನಗಳಲ್ಲೂ ಸಂಜೆ ಐದಕ್ಕೆ ಮೊಬೈಲಿನಲ್ಲಿ ಕರೆ ಮಾಡುತ್ತಿದ್ದರು, ಕಾಲು ಗಂಟೆ ಕಿವಿಗಿಟ್ಟುಕೊಂಡೇ ಕೂರುತ್ತಿದ್ದರು. ನಾನು ಜಗಲಿಗೆ ಹೋಗುವುದನ್ನು ಕಡಿಮೆ ಮಾಡಿದೆ. ಆ ಕುರ್ಚಿಯನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಕುಣಿಗಲ್ಲಿನ ಮನೆಗೆ ಲೈನ್ ಬಂದ ದಿನ ಸರ್ ಅವರೇ ಕರೆಸಿದರು. ನಡುಮನೆಯ ಸ್ಟೂಲಿನ ಮೇಲೆ ಅವರ ಆ ಹಳೆಯ ಫೋನು. ರಿಸೀವರ್ ಹಿಡಿದು ಕೂತರು. ಬಹಳ ಹೊತ್ತು ಏನೂ ಆಗಲಿಲ್ಲ. ಆಮೇಲೆ ಅವರ ಎಡಗೈಯ ಬೆರಳು ತೊಡೆಯ ಮೇಲೆ ಏಳತೊಡಗಿತು. ಏಳುವುದು, ಇಳಿಯುವುದು. ನಿಲ್ಲುವುದು. ಎರಡು ಸಲ ಬೇಗ ಬೇಗ ಏಳುವುದು. ಮತ್ತೆ ನಿಲ್ಲುವುದು... ಬೋರ್ಡಿನ ಮೇಲೆ ಸುಣ್ಣದ ಕಡ್ಡಿ ಓಡಾಡಿದ ಹಾಗೆ.

"ಸಮವಾಗಿಲ್ಲ" ಎಂದರು. ಒಳ್ಳೆಯ ಸುದ್ದಿ ಬಂದವರ ಮುಖ. "ಸಮವಾಗಿಲ್ಲ ಕಣೋ."

ರಿಸೀವರನ್ನು ನನಗೂ ಕೊಟ್ಟರು. ಗೊರಗೊರ ಇತ್ತು, ದೂರದಲ್ಲಿ ಕುಕ್ಕರಿನ ಸೀಟಿ, ಫ್ಯಾನು. ಅದರ ಅಡಿಯಲ್ಲಿ ಉಸಿರು ನನಗೆ ಕೇಳಿಸಿತೇ? ಕೇಳಿಸಿತು ಎಂದು ಅವತ್ತು ತಲೆಯಾಡಿಸಿದೆ. ಇಲ್ಲಿ ಹಾಗೆ ಬರೆಯಲು ಧೈರ್ಯವಿಲ್ಲ. ಸಮಾಧಾನದ ಸದ್ದನ್ನು ಫೋನುಗಳಷ್ಟೇ ತಯಾರಿಸುವುದಿಲ್ಲ.

ಆ ಚಳಿಗಾಲ ಕಳೆಯುವ ಹೊತ್ತಿಗೆ ಒಂದು ಸಂಜೆ ಸರ್ ರಿಸೀವರ್ ಇಟ್ಟವರೇ ಚಪ್ಪಲಿ ಮೆಟ್ಟಿ ಬಸ್ ಸ್ಟ್ಯಾಂಡಿಗೆ ಹೊರಟರಂತೆ. ಉಸಿರಿನ ನಡುವಿನ ಬಿಡುವು ಉದ್ದವಾಗಿದೆ ಎಂದು ಪಕ್ಕದ ಮನೆಯವರಿಗೆ ಹೇಳಿ ಹೋದರು. ಮನೆಯಲ್ಲಿದ್ದವರಿಗೆ ಇನ್ನೂ ಏನೂ ಅನ್ನಿಸಿರಲಿಲ್ಲ. ಅವರು ಹೋದ ಮೂರನೆಯ ದಿನ ಆಪಾ ತೀರಿಕೊಂಡರು, ತಮ್ಮನ ಕೈ ಹಿಡಿದುಕೊಂಡು.

ನಾನು ಕುಣಿಗಲ್ಲಿಗೆ ಹೋದಾಗ ಅಕ್ಕನ ಮಗಳು ಅಡುಗೆ ಮನೆಯ ಬಾಗಿಲಲ್ಲಿ ನಿಂತು ಒಂದು ಮಾತು ಹೇಳಿದಳು. "ಮೊಬೈಲ್ ಇಟ್ರೆ ಅಮ್ಮಿ ಮುಖ ಆ ಕಡೆ ತಿರುಗಿಸ್ಬಿಡ್ತಿದ್ಲು ಅಣ್ಣ. ಮಾಮೂ ಮೇಲೆ ಕೋಪ ಅಂದ್ಕೊಂಡಿದ್ದೆ. ಮಾಮೂಗೆ ಹೇಳಕ್ಕೋಗ್ಲಿಲ್ಲ. ಈ ದಪ್ಪ ಫೋನ್ ಬಂದ್ ಮೊದಲ್ನೇ ದಿನ ಕಿವಿಗಿಟ್ನಾ? ಎಡಗೈಲಿ ಹಿಡ್ಕೊಂಡೋಳು ಬಿಡ್ಲೇ ಇಲ್ಲ. ಕಿತ್ಕೋಬೇಕಾಯ್ತು."

ಅಲ್ಲಿಯವರೆಗೆ ನಾನು ಸರ್ ಕಿವಿಯೊಂದನ್ನೇ ಯೋಚಿಸಿದ್ದೆ. ಅವರೂ ಇಲ್ಲಿ ಮಾತಾಡದೆ ಕೂತಿದ್ದರಲ್ಲ. ಅವರ ಉಸಿರೂ ಆ ಕಡೆಗೆ ಹೋಗಿರಲಿಲ್ಲ. ಎಷ್ಟೋ ಸಂಜೆಗಳು ತುಮಕೂರಿಗೂ ಕುಣಿಗಲ್ಲಿಗೂ ನಡುವೆ ಏನೂ ಹೋಗಿಬಂದಿರಲಿಲ್ಲ. ಇಬ್ಬರ ಕಿವಿಗೂ ಅವರವರ ಫೋನೇ ಜೋಗುಳ ಹೇಳಿತ್ತು. ಓದು ಬಾರದ ಆಪಾ ಅದರಲ್ಲಿ ತಮ್ಮನಿಲ್ಲ ಎಂದು ತಿಳಿದು ಮುಖ ತಿರುಗಿಸಿದ್ದರು.

ಸರ್ ಹೋಗಿ ಈಗ ವರ್ಷಗಳಾದವು. ಮನೆ ಬೇರೆಯವರದಾಗಿದೆ. ಅವರ ಫೋನು ಯಾವ ಗುಜರಿಗೆ ಬಿತ್ತೋ ಗೊತ್ತಿಲ್ಲ. ಸತ್ಯಮಂಗಲದಲ್ಲಿ ಸಿಕ್ಕಿದ್ದು ಅದೇ ಇರಲಾರದು. ಆದರೂ ತಂದಿದ್ದೇನೆ, ಮೇಜಿನ ಮೇಲಿದೆ. ಕಿವಿಗಿಟ್ಟರೆ ಏನೂ ಇಲ್ಲ, ಸುಯ್ ಎಂದೂ ಇಲ್ಲ.

ಮೊಬೈಲಿನಲ್ಲಿ ಕೇಳುವುದು ಉಸಿರಲ್ಲ ಎಂದು ನಾನು ಬಾಯಿ ಬಿಡುವ ಮೊದಲೇ ಸರ್‌ಗೆ ಗೊತ್ತಿತ್ತೇ? ಗೊತ್ತಿದ್ದರೆ ಲ್ಯಾಂಡ್‌ಲೈನ್ ಹಾಕಿಸಲು ಅಷ್ಟು ತಿಂಗಳು ಯಾಕೆ ಬಿಟ್ಟರು? ಗೊತ್ತಿಲ್ಲದಿದ್ದರೆ ನಾನು ಹೇಳಿದಾಗ, ಯಾರು ಹೇಳಿಕೊಟ್ಟರು ಎಂಬುದನ್ನು ಬಿಟ್ಟು ಇನ್ನೊಂದು ಪ್ರಶ್ನೆಯನ್ನೂ ಯಾಕೆ ಹಾಕಲಿಲ್ಲ? ಗೊತ್ತಾದ ಮೇಲೂ ಲೈನ್ ಬರುವವರೆಗೆ ಮೊಬೈಲನ್ನು ಕಿವಿಗಿಟ್ಟುಕೊಂಡು ಕೂತು ಏನನ್ನು ಕೇಳುತ್ತಿದ್ದರು? ಅವರು ಬದುಕಿದ್ದಾಗ ದಿನವೂ ಕೇಳಬಹುದಿತ್ತು. ಕೇಳಲಿಲ್ಲ. ನನಗೆ ಗೊತ್ತಿಲ್ಲ.